ಪದ್ಯ ಅವರದು, ಅರ್ಥ ನಿಮ್ಮದು

ಪ್ರಶ್ನೆ: ನಾನು ಶಿರಸಿಯವಳು. ಆರು ವರ್ಷದಿಂದ ಅಡಿಕೆ ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿದ ಮಂದ ನೀರಿನಲ್ಲಿ, ಬಣ್ಣ ಹಾಕಿ ಸೀರೆ, ದುಪಟ್ಟಾ, ಶಾಲು ಮಾಡಿಸುತ್ತಿದ್ದೇನೆ. ವಿನ್ಯಾಸ ನನ್ನದು, ನೇಯುವವರು ಬೇರೆ. ಕಾರವಾರದ ಗೆಳೆಯರೊಬ್ಬರು ಕವಿ. ಅವರ 12 ಕವಿತೆ, ನನ್ನ 12 ಬಟ್ಟೆ ಸೇರಿಸಿ ಜನವರಿಯಲ್ಲಿ ಕಾರವಾರದಲ್ಲಿ ಪ್ರದರ್ಶನ ಮಾಡೋಣ ಅಂತ ಹೊರಟೆವು. ಅರ್ಧ ದಾರಿಯಲ್ಲೇ ಜಗಳ. ಕವಿತೆ ಪೂರ್ತಿ ಬಟ್ಟೆಯ ಮೇಲೆ ಬರಬೇಕು ಅನ್ನುತ್ತಾರೆ ಅವರು. ಹಾಗೆ ಮಾಡಿದರೆ ನನ್ನ ಬಟ್ಟೆ ಬರೀ ಕಾಗದ ಆಗುತ್ತದೆ ಅಂತ ನಾನು. ಎರಡು ಸಾಲು ಆರಿಸಿಕೊಂಡರೆ ‘ಕವಿತೆಗೆ ಕತ್ತರಿ ಹಾಕಿದಿರಿ’ ಅನ್ನುತ್ತಾರೆ. ಯಾರ ಹೆಸರು ಮೊದಲು, ದುಡ್ಡು ಹೇಗೆ ಹಂಚಿಕೊಳ್ಳುವುದು ಅನ್ನುವುದೂ ತೀರ್ಮಾನವಾಗಿಲ್ಲ. ನಾಲ್ಕು ಮಾದರಿಯ ಫೋಟೋ, ಒಂದು ಕವಿತೆ ಜೊತೆಗಿಟ್ಟಿದ್ದೇನೆ. ದಾರಿ ಇದೆಯಾ?

ಉತ್ತರ: ದಾರಿ ಇದೆ. ಆದರೆ ಮೊದಲು ಇಬ್ಬರೂ ಸೇರಿ ಒಂದು ತಾಳಮದ್ದಲೆಗೆ, ವೇಷ ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನಕ್ಕೆ, ಹೋಗಿ ಕೂತುಕೊಳ್ಳಿ. ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ ಮಳೆಗಾಲದಲ್ಲಿ ಅದಕ್ಕೇನೂ ಬರ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಮದ್ದಲೆ ನಿಲ್ಲುತ್ತದೆ. ಆಮೇಲೆ ಅರ್ಥಧಾರಿ ಬಾಯಿ ತೆರೆಯುತ್ತಾರೆ. ಪದ್ಯದಲ್ಲಿ ಇದ್ದದ್ದು ನಾಲ್ಕು ಸಾಲು, ಇವರು ಮಾತಾಡುವುದು ಇಪ್ಪತ್ತು ನಿಮಿಷ. ಪದ್ಯದ ದಾರಿ ಬಿಟ್ಟು ಹೋಗುವುದಿಲ್ಲ, ಪದ್ಯವನ್ನೇ ತಿರುಗಿ ಒಪ್ಪಿಸುವುದೂ ಇಲ್ಲ. ಹಾಗೆ ಒಪ್ಪಿಸುವವರು ಬಂದರೆ ಸಭೆ ಆಕಳಿಸುತ್ತದೆ, ಮುಂದಿನ ವರ್ಷ ಅವರಿಗೆ ವೀಳ್ಯ ಹೋಗುವುದಿಲ್ಲ.

ನಿಮ್ಮ ಗೆಳೆಯರು ಪದ್ಯ ಬರೆದವರು. ನೀವು ಅರ್ಥ ಹೇಳಬೇಕಾದವರು. ಅವರು ನಿಮ್ಮ ಹತ್ತಿರ ಕೇಳುತ್ತಿರುವುದು ಪದ್ಯ ಒಪ್ಪಿಸಿ ಅಂತ. ಅದು ಅವರ ತಪ್ಪು. ಆದರೆ ನಿಮ್ಮ ಫೋಟೋ ನೋಡಿದೆ. ದೋಣಿ ಅಂತ ಇದ್ದ ಕವಿತೆಗೆ ದೋಣಿಯ ಅಚ್ಚು. ಬಂಗಡೆ ಬಂದ ಕಡೆ ಬಂಗಡೆ. ತೆಂಗಿನ ಮರಕ್ಕೆ ತೆಂಗಿನ ಮರ. ಬೇಜಾರು ಮಾಡಿಕೊಳ್ಳಬೇಡಿ, ಇದೂ ಒಪ್ಪಿಸುವುದೇ. ಅವರು ಅಕ್ಷರದಲ್ಲಿ ಕೇಳಿದರು, ನೀವು ಚಿತ್ರದಲ್ಲಿ ಮಾಡಿದಿರಿ. ಅರ್ಥ ಇನ್ನೂ ಶುರುವಾಗಿಲ್ಲ.

ಮೊದಲು ಅಕ್ಷರದ ವಿಷಯ ಮುಗಿಸಿಬಿಡೋಣ, ಜಗಳ ಅಲ್ಲೇ ಇರುವುದರಿಂದ.

ಸೀರೆ ಐದೂವರೆ ಮೀಟರ್ ಉದ್ದ ಇದೆ, ಕವಿತೆ ಆರಾಮಾಗಿ ಹಿಡಿಸುತ್ತದೆ ಅಂತ ಕವಿಗಳಿಗೆ ಅನ್ನಿಸುತ್ತದೆ. ಉಟ್ಟು ನೋಡಿದವರಿಗೆ ಮಾತ್ರ ಗೊತ್ತು. ನೆರಿಗೆಯಲ್ಲೇ ಒಂದು ಮೀಟರಿಗೂ ಜಾಸ್ತಿ ಮಡಚಿ ಹೋಗುತ್ತದೆ. ಸುತ್ತಿನಲ್ಲಿ ಇನ್ನಷ್ಟು ಒಳಗೆ. ಕಣ್ಣಿಗೆ ಪೂರ್ತಿ ಬೀಳುವುದು ಸೆರಗು, ಅಂಚು, ಎದೆಯ ಮೇಲಿನ ಒಂದಿಷ್ಟು. ಸೆರಗು ಬೆನ್ನ ಹಿಂದೆ ಇಳಿಬಿದ್ದಾಗ ನೆಟ್ಟಗೆ ಓದಬೇಕಾದರೆ ಸಾಲುಗಳು ಸೀರೆಯ ಅಗಲಕ್ಕೆ ಓಡಬೇಕು, ಉದ್ದಕ್ಕೆ ಬರೆದರೆ ಅಕ್ಷರ ಮಲಗಿರುತ್ತದೆ. ಇನ್ನು ಉಟ್ಟವರು ಕೂರುತ್ತಾರೆ, ನಿಲ್ಲುತ್ತಾರೆ, ಬಸ್ಸಿನಲ್ಲಿ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸುತ್ತಾರೆ. ನಡುವಿನ ಎರಡು ಪದ ಮಾಯ. ಜೊತೆಗೆ ನಮ್ಮವರಿಗೆ ಅಕ್ಷರದ ಮೇಲೆ ಒಂದು ಭಯಭಕ್ತಿ ಇದೆ. ಪುಸ್ತಕ ಕಾಲಿಗೆ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಕೆಳ ಅಂಚಿನಲ್ಲಿ ಅಕ್ಷರ ಇರುವ ಸೀರೆಯನ್ನು ಅಂಗಡಿಯಲ್ಲಿ ಹೊಗಳುತ್ತಾರೆ, ಕೊಂಡು ಉಡುವುದಿಲ್ಲ.

ಕನ್ನಡದ ಅಕ್ಷರಕ್ಕೆ ಅದರದೇ ಹಟವೂ ಇದೆ. ಮೇಲೆ ಗುಣಿತ, ನಡುವೆ ಅಕ್ಷರ, ಕೆಳಗೆ ಒತ್ತು. ಮೂರು ಅಂತಸ್ತಿನ ಮನೆ. ಎಲ್ಲ ಕಡೆ ಗುಂಡಗೆ, ಎಲ್ಲ ಕಡೆ ಸಣ್ಣ ಸಣ್ಣ ಕಿಂಡಿ. ಮಗ್ಗಕ್ಕೆ ಗುಂಡು ಅಂದರೆ ಆಗದು. ಹಾಸಿನ ಎಳೆ ನೇರ, ಹೊಕ್ಕಿನ ಎಳೆ ಅಡ್ಡ. ಅದರಲ್ಲಿ ಗುಂಡು ತರಲು ಹೋದರೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಅಚ್ಚಿನಲ್ಲಿ ಗುಂಡು ಬರುತ್ತದೆ, ಆದರೆ ಬಣ್ಣ ಹರಡಿ ಕಿಂಡಿ ಮುಚ್ಚುತ್ತದೆ.

ಇದನ್ನು ನಾನು ದುಡ್ಡು ಕೊಟ್ಟು ಕಲಿತವಳು. 20 ವರ್ಷದ ಹಿಂದಿನ ಮಾತು. ಒಬ್ಬ ಕವಿಯ ಒಂದು ಸಾಲನ್ನು 40 ಶಾಲಿಗೆ ಅಚ್ಚು ಹಾಕಿಸಿದೆ. ಸಾಲು ‘ನಾವು’ ಎಂಬ ಮಾತಿನಿಂದ ಮುಗಿಯುತ್ತಿತ್ತು. ಅಚ್ಚು ಕೆತ್ತಿದವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಪಾಪ, ತಪ್ಪು ಅವರದಲ್ಲ. ನಾನು ಕೊಟ್ಟ ಅಕ್ಷರವೇ ಒಂದು ಸೆಂಟಿಮೀಟರ್ ಇರಲಿಲ್ಲ. ಬಣ್ಣ ತುಸು ನೀರಾಗಿತ್ತು. ‘ವು’ ಅಕ್ಷರದ ಬಾಲ ಹರಡಿ ಒಡಲಿಗೆ ಅಂಟಿಕೊಂಡಿತು. ಒಣಗಿದ ಮೇಲೆ ನೋಡಿದರೆ 40 ಶಾಲಿನ ಮೇಲೂ ‘ನಾಮ’. ಕವಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಾಲು ಕೊಳ್ಳಲು ಒಪ್ಪಿದ್ದ ಅಂಗಡಿಯವರು ನಗಲಿಲ್ಲ. ಗಿರಾಕಿಗೆ ಇಷ್ಟು ಬಹಿರಂಗವಾಗಿ ನಾಮ ಹಾಕುವ ಧೈರ್ಯ ಅವರಿಗಿರಲಿಲ್ಲ. ಅವತ್ತಿನಿಂದ ಅಚ್ಚಿನ ಅಕ್ಷರ ಒಂದೂವರೆ ಸೆಂಟಿಮೀಟರಿಗಿಂತ ಕಡಿಮೆ ಮಾಡುವುದಿಲ್ಲ. ಎಷ್ಟೇ ಅವಸರ ಇದ್ದರೂ ಮೊದಲ ಅಚ್ಚನ್ನು ಕವಿತೆ ಗೊತ್ತಿಲ್ಲದ ಯಾರಿಗಾದರೂ ಓದಲು ಕೊಡುತ್ತೇನೆ. ಕವಿತೆ ಗೊತ್ತಿದ್ದವರು ಬಟ್ಟೆ ಓದುವುದಿಲ್ಲ, ನೆನಪು ಓದುತ್ತಾರೆ.

ಹಾಗಾದರೆ ಅಕ್ಷರ ನೇಯ್ದವರೇ ಇಲ್ಲವಾ? ಇದ್ದಾರೆ. ಒಡಿಶಾದ ನೂವಾಪಟ್ಣದಲ್ಲಿ ಜಯದೇವನ ಗೀತಗೋವಿಂದದ ಸಾಲುಗಳನ್ನು ರೇಷ್ಮೆಯಲ್ಲಿ ನೇಯ್ದು ಪುರಿಯ ಜಗನ್ನಾಥನಿಗೆ ಉಡಿಸುತ್ತಾರೆ. ನೇಯುವ ಮೊದಲೇ ನೂಲನ್ನು ಕಟ್ಟಿ ಬಣ್ಣದಲ್ಲಿ ಅದ್ದಿ, ಅಕ್ಷರ ನೂಲಿನಲ್ಲೇ ಕೂತಿರುವಂತೆ ಮಾಡುವ ಕೆಲಸ ಅದು. ಅಂಚು ಮಸುಕಾಗಿ ಕಾಣುತ್ತದೆ, ನೀರಿನಲ್ಲಿ ಬರೆದ ಹಾಗೆ. ಅಸ್ಸಾಮಿನಲ್ಲಿ 16ನೇ ಶತಮಾನದಲ್ಲಿ ವೈಷ್ಣವ ಸಂತ, ನಾಟಕಕಾರ ಶಂಕರದೇವರು ಬರಪೇಟಾದ ನೇಕಾರರಿಂದ ಕೃಷ್ಣನ ಕತೆಯ ಬಟ್ಟೆ ಮಾಡಿಸಿದರು. ಆ ಸಂಪ್ರದಾಯದ ಒಂಬತ್ತು ಮೀಟರಿಗೂ ಉದ್ದದ ಬಟ್ಟೆ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಅವರ ನಾಟಕದ ಮಾತುಗಳನ್ನೇ ನೇಯ್ದಿದ್ದಾರೆ. ಆದರೆ ಗಮನಿಸಿ, ಎರಡೂ ಕಡೆ ಓದುವವರಿಗೆ ಆ ಸಾಲು ಮೊದಲೇ ಬಾಯಿಪಾಠ. ಬಟ್ಟೆ ಅವರಿಗೆ ಕವಿತೆ ತಿಳಿಸುತ್ತಿಲ್ಲ, ನೆನಪಿಸುತ್ತಿದೆ. ನಿಮ್ಮ ಗೆಳೆಯರ ಹೊಸ ಕವಿತೆಗೆ ಆ ಭಾಗ್ಯ ಇನ್ನೂ ಬಂದಿಲ್ಲ. ಹೊಸ ಕವಿತೆಯನ್ನು ಕಾಗದದಲ್ಲಿ ಕೊಡಿ, ಇಲ್ಲವೇ ಅವರ ದನಿಯಲ್ಲೇ ರೆಕಾರ್ಡ್ ಮಾಡಿ ಪ್ರತಿ ಬಟ್ಟೆಯ ಪಕ್ಕ ಕೇಳಿಸಿ. ಪೂರ್ತಿ ಕವಿತೆ ಬೇಕು ಅನ್ನುವ ಅವರ ಆಸೆ ನ್ಯಾಯವಾದದ್ದೇ. ಅದಕ್ಕೆ ಜಾಗ ಬಟ್ಟೆ ಅಲ್ಲ, ಅಷ್ಟೆ.

ಈಗ ಅರ್ಥದ ಕಡೆ ಬರೋಣ. ಕವಿತೆಯಿಂದ ಪದ ತೆಗೆದರೆ ಏನು ಉಳಿಯುತ್ತದೆ? ನಡಿಗೆ. ಸಾಲಿನ ಉದ್ದ ಗಿಡ್ಡ. ತಡೆದು ನಿಲ್ಲುವ ಜಾಗ. ಮತ್ತೆ ಮತ್ತೆ ಬರುವ ಮಾತು. ಖಾಲಿ ಬಿಟ್ಟ ಜಾಗ. ಇವೆಲ್ಲ ನಿಮ್ಮ ಕೈಯಲ್ಲೂ ಇವೆ, ಹೆಸರು ಬೇರೆ.

ಒಂದು ಉದಾಹರಣೆ ಹತ್ತಿರದಿಂದ ತೋರಿಸುತ್ತೇನೆ. ಭಾಮಿನಿ ಷಟ್ಪದಿ ನಿಮಗೆ ಗೊತ್ತಲ್ವಾ, ಯಕ್ಷಗಾನದಲ್ಲಿ, ಗಮಕದಲ್ಲಿ ಕೇಳಿರುತ್ತೀರಿ. ಆರು ಸಾಲು. ಅಳತೆ ಮಾತ್ರೆಯಲ್ಲಿ, ಅಂದರೆ ಅಕ್ಷರ ನುಡಿಯಲು ಹಿಡಿಯುವ ಹೊತ್ತಿನಲ್ಲಿ. 1, 2, 4, 5ನೇ ಸಾಲಿಗೆ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆ, ಅಂದರೆ 14. ಮೂರನೇ ಮತ್ತು ಆರನೇ ಸಾಲಿಗೆ ಮೂರು-ನಾಲ್ಕು ಮೂರು ಸಲ, ಕೊನೆಗೊಂದು ಗುರು (ಎರಡು ಮಾತ್ರೆ), ಅಂದರೆ 23. ಒಟ್ಟು 102 ಮಾತ್ರೆ. ಒಂದು ಮಾತ್ರೆಗೆ ಅರ್ಧ ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಇಂಚಿಗೆ 50 ಹೊಕ್ಕು ಬೀಳುವ ಬಟ್ಟೆಯಲ್ಲಿ ಅದು ಸುಮಾರು 10 ಎಳೆ. ಮೂರರ ಗಣ ಒಂದೂವರೆ ಸೆಂಟಿಮೀಟರ್ ಚೊಗರಿನ ಕೆಂಪು, ನಾಲ್ಕರ ಗಣ ಎರಡು ಸೆಂಟಿಮೀಟರ್ ಬಿಳಿ, ಕೊನೆಯ ಗುರುವಿಗೆ ಒಂದು ಸೆಂಟಿಮೀಟರ್ ಕಪ್ಪು. ಸಣ್ಣ ಸಾಲು ಏಳು ಸೆಂಟಿಮೀಟರಿಗೆ ಮುಗಿಯುತ್ತದೆ, ದೊಡ್ಡದು ಹನ್ನೊಂದೂವರೆ. ಒಂದು ಪದ್ಯಕ್ಕೆ ಸರಿಯಾಗಿ 51 ಸೆಂಟಿಮೀಟರ್. ಸೆರಗಿಗೆ ಅಳತೆ ಮಾಡಿಸಿದ ಹಾಗಿದೆ.

ಇದನ್ನು ಒಮ್ಮೆ ಮಾಡಿಸಿದ್ದೆ. ಕುಮಟಾದಲ್ಲಿ ತೂಗುಹಾಕಿದಾಗ ಎಲ್ಲರೂ ‘ಪಟ್ಟೆ ಚಂದ ಇದೆ’ ಅಂದು ಮುಂದೆ ಹೋದರು. ಒಬ್ಬ ಹಿರಿಯರು ನಿಂತರು. ಕೋಲು ಕಂಕುಳಿಗೆ ಸಿಕ್ಕಿಸಿಕೊಂಡು, ಬೆರಳಲ್ಲಿ ಪಟ್ಟೆ ಮುಟ್ಟುತ್ತಾ ಮುಟ್ಟುತ್ತಾ ಕೆಳಗೆ ಇಳಿದರು. ಮೂರನೇ ಸಾಲಿನ ಕಪ್ಪು ಪಟ್ಟೆಗೆ ಬಂದಾಗ ನನ್ನ ಕಡೆ ತಿರುಗಿ ‘ಇದು ಭಾಮಿನಿ ಅಲ್ವನೇ ತಂಗೀ?’ ಅಂದರು. ಅಷ್ಟು ಸಾಕು. ಬಾಕಿಯವರಿಗೆ ಅದು ಚಂದದ ಪಟ್ಟೆಯಾಗಿ ಉಳಿದದ್ದಕ್ಕೆ ನನಗೇನೂ ಬೇಸರ ಇಲ್ಲ.

ನಿಮ್ಮ ಗೆಳೆಯರು ಛಂದಸ್ಸಿಲ್ಲದೆ ಬರೆಯುತ್ತಾರೆ. ಅದಕ್ಕೂ ದಾರಿ ಇದೆ. ಕಳಿಸಿದ ಕವಿತೆಯನ್ನು ಎರಡು ಅಡಿ ದೂರ ಹಿಡಿದು ನೋಡಿ, ಪದ ಓದಬೇಡಿ. ಸಾಲುಗಳ ಬಲತುದಿ ಹೇಗೆ ಒಳಗೆ ಹೊರಗೆ ಹೋಗುತ್ತದೆ! ಮೇಲೆ ಉದ್ದುದ್ದ, ನಡುವೆ ಒಂದೇ ಪದದ ಸಾಲು, ಆಮೇಲೆ ಮತ್ತೆ ಉದ್ದ. ಕಾಗದ ಅಡ್ಡ ತಿರುಗಿಸಿದರೆ ತೆರೆ ಬಂದು ಹೋದ ಮೇಲೆ ಮರಳಿನಲ್ಲಿ ಉಳಿಯುವ ಗೆರೆಯ ಹಾಗೆ ಕಾಣುತ್ತದೆ. ಕವಿ ಬೇಕಂತಲೇ ಮಾಡಿದ್ದೋ, ತಾನಾಗಿ ಆದದ್ದೋ, ಕೇಳಿ. ಆ ಗೆರೆ ನಿಮ್ಮ ಅಂಚು. ಎರಡು ಚರಣದ ನಡುವಿನ ಖಾಲಿಗೆ ಹೊಕ್ಕು ಹಾಕದೆ ಬೆರಳಗಲ ಹಾಸಿನ ಎಳೆ ಹಾಗೇ ಬಿಡಬಹುದು, ಬೆಳಕು ಆಚೆಯಿಂದ ಬರುತ್ತದೆ. ಆದರೆ ಎರಡೂ ಬದಿ ಎಳೆ ಜಾರದಂತೆ ಸೂಜಿಯಲ್ಲಿ ಕಟ್ಟಿಸಿ. ಇಲ್ಲವಾದರೆ ಮೊದಲ ಒಗೆತಕ್ಕೇ ಮೌನ ಮುದ್ದೆಯಾಗುತ್ತದೆ.

ಒಂದು ಮಾತು ಬಣ್ಣದ ಬಗ್ಗೆ. ನಿಮ್ಮ ಗೆಳೆಯರ ಕವಿತೆಯಲ್ಲಿ ‘ನೀಲ ಕಡಲು’ ಮೂರು ಸಲ ಬರುತ್ತದೆ. ನೀವು ಅದಕ್ಕಾಗಿ ನೀಲಿ ಹುಡುಕಿಕೊಂಡು ಹೊರಗಿನಿಂದ ಬಣ್ಣ ತರಿಸಿದ್ದು ಫೋಟೋದಲ್ಲೇ ಗೊತ್ತಾಯಿತು. ಯಾಕೆ? ಜುಲೈ ತಿಂಗಳಲ್ಲಿ ಕಾಳಿ ನದಿ ಕಡಲು ಸೇರುವ ಕಡೆ, ಸದಾಶಿವಗಡದ ಹತ್ತಿರ ನಿಂತು ನೋಡಿ. ಘಟ್ಟದ ಮಣ್ಣು ಹೊತ್ತು ತಂದ ನೀರು ನಿಮ್ಮ ಹಂಡೆಯೊಳಗಿನ ಚೊಗರಿನ ಬಣ್ಣಕ್ಕೇ ಇರುತ್ತದೆ. ಕಾರವಾರದಲ್ಲಿ ಹುಟ್ಟಿ ಬೆಳೆದವರು ಅದನ್ನು ನೋಡಿಲ್ಲವಾ? ನೋಡಿದ್ದಾರೆ, ಬರೆಯುವಾಗ ಮಾತ್ರ ಕೈ ರೂಢಿಯ ನೀಲಿಗೆ ಹೋಗಿದೆ. ಅವರ ಮುಂದೆ ನಿಮ್ಮ ಚೊಗರಿನ ಬಟ್ಟೆ ಹರವಿ ‘ಇದು ಯಾವ ತಿಂಗಳ ಕಡಲು?’ ಅಂತ ಕೇಳಿ. ಕವಿತೆಯ ಸಾಲು ಬದಲಾದರೆ ಆಶ್ಚರ್ಯ ಇಲ್ಲ. ಇಬ್ಬರೂ ಕೂಡಿ ಕೆಲಸ ಮಾಡುವುದು ಅಂದರೆ ಇದೇ ತಾನೇ? ಬರೆದು ಮುಗಿಸಿದ ಕವಿತೆಗೆ ಬಟ್ಟೆ ಹೊಂದಿಸುವುದಕ್ಕೆ ದರ್ಜಿ ಸಾಕು.

ಇನ್ನು ಆ ಒಂದು ಸಾಲು. ಒಂದಾದರೂ ಸಾಲು ಬಟ್ಟೆಯ ಮೇಲೆ ಅಕ್ಷರವಾಗಿ ಬರಲಿ ಅಂತ ನನಗೂ ಇದೆ. ಅದಕ್ಕೆ ನಿಮ್ಮ ಮನೆಯಲ್ಲೇ ಇರುವ ಒಂದು ಸಂಗತಿ ನಿಮಗೆ ಹೊಳೆದಿಲ್ಲ.

ಚೊಗರು ಅಂದರೆ ಹಸಿ ಅಡಿಕೆ ಬೇಯಿಸಿದ ನೀರು ಬತ್ತಿ ಬತ್ತಿ ಮಂದವಾದದ್ದು, ನಿಮಗೆ ನಾನು ಹೇಳಬೇಕಾಗಿಲ್ಲ. ಅದರ ತುಂಬ ಒಗರು. ಒಗರಿಗೆ ಕಬ್ಬಿಣ ತಾಗಿದರೆ ಕಪ್ಪು. ಚೊಗರಿನ ಕೈಯಲ್ಲಿ ಕಬ್ಬಿಣದ ಕತ್ತಿ ಮುಟ್ಟಿದರೆ ಕೈ ಕಪ್ಪಾಗುವುದನ್ನು ನೋಡಿಯೇ ಇರುತ್ತೀರಿ. ಹಿಂದಿನವರು ಬರೆಯುತ್ತಿದ್ದ ಮಸಿಯೂ ಎಷ್ಟೋ ಕಡೆ ಇದೇ ಆಗಿತ್ತು. ಅಳಲೆಕಾಯಿಯ ಒಗರು, ಅದಕ್ಕೆ ಅನ್ನಭೇದಿ ಎಂಬ ಲವಣದ ಕಬ್ಬಿಣ. ಅಂದರೆ ನಿಮ್ಮ ಬಣ್ಣದ ಹಂಡೆಯಲ್ಲಿ ಅರ್ಧ ಮಸಿ ಈಗಾಗಲೇ ಇದೆ. ಇನ್ನರ್ಧವನ್ನು ಕವಿ ತರಲಿ.

ಹೀಗೆ ಮಾಡಿ. ಬೆಲ್ಲದ ನೀರಿಗೆ ತುಕ್ಕು ಹಿಡಿದ ಮೊಳೆ, ಲಾಳ ಏನಾದರೂ ಹಾಕಿ ಮಣ್ಣಿನ ಗಡಿಗೆಯಲ್ಲಿ ಎರಡು ಮೂರು ವಾರ ಹುಳಿಸಿ. ಕಲಂಕಾರಿಯವರು ಕಪ್ಪು ಮಾಡುವುದು ಹೀಗೇ. ಸೋಸಿ, ಹುಣಸೆ ಬೀಜದ ಗಂಜಿಯನ್ನೋ ಜಾಲಿ ಅಂಟನ್ನೋ ಬೆರೆಸಿ ಮಂದ ಮಾಡಿ, ಹರಡದ ಹಾಗೆ. ಚೊಗರು ಹಾಕಿ ಒಣಗಿಸಿದ ಬಟ್ಟೆ ಹಾಸಿ, ಬಿದಿರಿನ ಕಡ್ಡಿ ಕೊಟ್ಟು ಕವಿಯನ್ನು ಕೂರಿಸಿ. ಬರೆಯುವಾಗ ಸಾಲು ಮೊದಲು ಮಾಸಲಾಗಿ ಕಾಣುತ್ತದೆ. ನೋಡ ನೋಡುತ್ತ ಕಪ್ಪಾಗುತ್ತದೆ. ಅಳಿಸಲು ಬರುವುದಿಲ್ಲ. ಕಾಗದದಲ್ಲಿ ಹತ್ತು ಸಲ ಹೊಡೆದು ಹಾಕಿ ಬರೆಯುವವರಿಗೆ ಆ ಹೊತ್ತು ಕೈ ನಡುಗುತ್ತದೆ, ನೋಡಲಿಕ್ಕೆ ಮಜಾ ಇರುತ್ತದೆ. ಆ ನಡುಕವೂ ಬಟ್ಟೆಯ ಮೇಲೆ ಇರಲಿ. ಅಚ್ಚಿನ ಅಕ್ಷರಕ್ಕಿಂತ ಅದು ಎಷ್ಟೋ ಮೇಲು. ಮತ್ತೆ, ಬಟ್ಟೆಯ ಮೇಲೆ ಹಿಡಿಸುವ ಆ ಒಂದು ಸಾಲನ್ನು ಆರಿಸಬೇಕಾದವರು ಅವರೇ. ನೀವು ಆರಿಸಿದರೆ ಕತ್ತರಿ, ಅವರು ಆರಿಸಿದರೆ ಆಯ್ಕೆ.

ಎಚ್ಚರ ಒಂದೇ. ಕಬ್ಬಿಣದ ನೀರು ಜಾಸ್ತಿ ಖಾರವಾದರೆ ಹತ್ತಿ ಎಳೆಯನ್ನು ತಿನ್ನುತ್ತದೆ. ಹಳೆಯ ಕಡತಗಳಲ್ಲಿ ಅಕ್ಷರ ಇದ್ದ ಕಡೆಯೇ ಕಾಗದ ತೂತಾಗಿರುವುದು ಇದರಿಂದಲೇ. ತುಂಡಿನ ಮೇಲೆ ಬರೆದು, ತೊಳೆದು, ಹತ್ತು ದಿನ ಬಿಸಿಲಿಗೆ ಹಾಕಿ, ಎಳೆದು ನೋಡಿ, ಆಮೇಲೆ ಸೀರೆಗೆ ಕೈ ಹಾಕಿ. ಆಷಾಢದಲ್ಲಿ ಗಂಜಿ ಹಾಕಿದ ಬಟ್ಟೆ ಮಡಚಿಟ್ಟರೆ ಬೂಸಲು ಹಿಡಿಯುವುದು ಗ್ಯಾರಂಟಿ. ಬರೆಯುವ ಕೆಲಸ ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ.

ನಿಮ್ಮ ಹಾಗೆ ಇಬ್ಬರು ಸೇರಿ ಮಾಡಿದ ಕೆಲಸಗಳಲ್ಲಿ ನನಗೆ ತುಂಬ ಇಷ್ಟವಾದದ್ದು ದೂರದ್ದು, ಆದರೆ ಅದರ ಬೇರು ನಮ್ಮ ಕೌದಿಗೆ ಹತ್ತಿರ. ಸೋನಿಯಾ ಡೆಲೋನೇ ಎಂಬಾಕೆ ಉಕ್ರೇನಿನಲ್ಲಿ ಹುಟ್ಟಿ ಪ್ಯಾರಿಸಿಗೆ ಹೋದವರು. 1911ರಲ್ಲಿ ಮಗ ಹುಟ್ಟಿದಾಗ, ತಮ್ಮ ಕಡೆಯ ಹಳ್ಳಿ ಹೆಂಗಸರು ಹೊಲಿಯುತ್ತಿದ್ದ ರೀತಿಯಲ್ಲಿ ತುಂಡು ಬಟ್ಟೆ ಸೇರಿಸಿ ಕೂಸಿಗೆ ಹೊದಿಕೆ ಮಾಡಿದರು. ಆ ತುಂಡುಗಳಿಂದಲೇ ಅವರ ಬಣ್ಣದ ದಾರಿ ತೆರೆಯಿತು. ಎರಡು ವರ್ಷ ಬಿಟ್ಟು, 1913ರಲ್ಲಿ, ಬ್ಲೇಸ್ ಸಾಂದ್ರಾರ್ ಎಂಬ ಕವಿಯ ರೈಲು ಪ್ರಯಾಣದ ದೀರ್ಘ ಕವಿತೆಯ ಜೊತೆ ಕೂಡಿದರು. ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುವ ಎರಡು ಮೀಟರ್ ಉದ್ದದ ಹಾಳೆ. ಬಲಕ್ಕೆ ಕವಿತೆ ಇಳಿಯುತ್ತದೆ, ಎಡಕ್ಕೆ ಬಣ್ಣ ಇಳಿಯುತ್ತದೆ. ಆ ಎರಡು ಮೀಟರ್ ಬಣ್ಣದಲ್ಲಿ ರೈಲಿನ ಡಬ್ಬಿ ಹುಡುಕಿದರೆ ಸಿಗುವುದಿಲ್ಲ. 150 ಪ್ರತಿ ಮಾಡಿ ಒಂದರ ತುದಿಗೊಂದು ಇಟ್ಟರೆ ಐಫೆಲ್ ಗೋಪುರದಷ್ಟು ಎತ್ತರ ಆಗುತ್ತದೆ ಅಂತ ಲೆಕ್ಕ ಹಾಕಿದ್ದರು. 150 ಪೂರ್ತಿ ಆಗಲಿಲ್ಲ. ಕಲಾವಿದರ ಲೆಕ್ಕ ಎಲ್ಲ ಊರಲ್ಲೂ ಒಂದೇ. ಮುಂದೆ 1920ರ ದಶಕದಲ್ಲಿ ಆಕೆ ಟ್ರಿಸ್ಟಾನ್ ಜಾರಾ ಎಂಬ ಇನ್ನೊಬ್ಬ ಕವಿಯ ಜೊತೆ ಕವಿತೆಯ ಉಡುಪುಗಳನ್ನೂ ಮಾಡಿದರು. ತೊಟ್ಟವರು ಕೈ ಎತ್ತಿದರೆ ಪದ ಎದ್ದೇಳುತ್ತದೆ, ಇಳಿಸಿದರೆ ಮಡಿಕೆಯೊಳಗೆ ಹೋಗುತ್ತದೆ. ಮಡಿಕೆಯಲ್ಲಿ ಪದ ಮುಚ್ಚಿಹೋದರೆ ನಿಮ್ಮ ಗೆಳೆಯರಿಗೆ ಅದು ನಷ್ಟ ಅನ್ನಿಸೀತು. ಆ ಕವಿಗೆ ಅದೇ ಆಟ.

ಕೌದಿ ಅಂದೆನಲ್ಲ. ನಿಮ್ಮ ಪತ್ರದಲ್ಲಿ ಇಲ್ಲದ ಒಬ್ಬರ ಬಗ್ಗೆ ಅಲ್ಲಿಂದಲೇ ಹೇಳಬೇಕು.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಹಳೆ ಸೀರೆ, ಅಂಗಿ ಹರಿದು ಹೊಲಿಯುವ ಕೌದಿ ನೋಡಿದ್ದೀರಲ್ಲ, ಅವರು ಕವಂದಿ ಅನ್ನುತ್ತಾರೆ. ಅಂಚಿನಿಂದ ಶುರು ಮಾಡಿ, ಸುತ್ತ ಸುತ್ತ ಬಂದು ನಡುವಿಗೆ ಮುಗಿಸುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಕೂರಿಸುವ ‘ಫೂಲ’ ಇಲ್ಲದೆ ಅದು ಪೂರ್ತಿಯಾಗುವುದಿಲ್ಲ. ಒಮ್ಮೆ ನಾನು ಒಂದು ಚೌಪದಿ ಹಿಡಿದುಕೊಂಡು ಒಬ್ಬಾಕೆಯ ಮನೆಗೆ ಹೋಗಿದ್ದೆ. ಅಂಕೋಲೆಯ ದಿನಕರ ದೇಸಾಯರು ಮನೆಮಾತು ಮಾಡಿದ ರೂಪ ಅದು, ನಾಲ್ಕೇ ಸಾಲು. ನಾಲ್ಕು ಸಾಲು, ನಾಲ್ಕು ಮೂಲೆ, ಏನು ಹೊಂದಾಣಿಕೆ ಅಂತ ನನ್ನ ಲೆಕ್ಕಾಚಾರ. ಓದಿ ಹೇಳಿದೆ. ಆಕೆ ದಾರ ಹಲ್ಲಿನಲ್ಲಿ ಕಡಿಯುತ್ತ ಕೇಳಿದರು: ‘ಅಕ್ಕೋರೆ, ಕಡೀ ಸಾಲು ಮೂಲೆಗೆ ಯಾಕೆ? ಕಡೀದು ನಡುವಿಗೆ ಬರ್ಬೇಕಲ್ಲ, ಅಲ್ಲೇ ಅಲ್ವಾ ಮನುಷ್ಯ ಮಲಗೂದು.’ ನಾನು ಬಾಯಿ ಮುಚ್ಚಿಕೊಂಡೆ. ಮೊದಲ ಮೂರು ಸಾಲಿನ ಬಣ್ಣ ಸುತ್ತ ಹೋಯಿತು, ನಾಲ್ಕನೆಯದು ನಡುವೆ ಚೌಕವಾಗಿ ಕೂತಿತು. ಆ ಬಟ್ಟೆಯ ಒಳ್ಳೆಯ ವಿಚಾರ ನನ್ನದೂ ಅಲ್ಲ, ಕವಿಯದೂ ಅಲ್ಲ.

ನಿಮ್ಮ ಪತ್ರದಲ್ಲಿ ಇಬ್ಬರ ಹೆಸರು ಯಾವುದು ಮೊದಲು ಅನ್ನುವ ಪ್ರಶ್ನೆ ಇದೆ. ‘ನೇಯುವವರು ಬೇರೆ’ ಅಂತ ಎರಡು ಮಾತಿನಲ್ಲಿ ಮುಗಿಸಿದ್ದೀರಿ. ನೇಯ್ದವರ ಹೆಸರನ್ನು ಕವಿಯ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಹಾಕಿ. ಆಮೇಲೆ ನಿಮ್ಮಿಬ್ಬರ ಹೆಸರಿನ ಜಗಳ ಅರ್ಧಕ್ಕೆ ಇಳಿಯುತ್ತದೆ, ಮೂರು ಹೆಸರಿದ್ದಾಗ ಅಕಾರಾದಿ ಸಾಕು ಅನ್ನಿಸುತ್ತದೆ.

ಕಾನೂನು ಮತ್ತು ದುಡ್ಡು. ಇದು ಸಪ್ಪೆ ವಿಷಯ, ಆದರೆ ಗೆಳೆತನ ಕೆಡುವುದು ಇಲ್ಲೇ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಇಬ್ಬರ ಪಾಲು ಬೇರೆ ಬೇರೆ ಅಂತ ಗುರುತಿಸಲು ಬರದಿದ್ದರೆ ಮಾತ್ರ ಅದು ಜಂಟಿ ಕೃತಿ. ನಿಮ್ಮದರಲ್ಲಿ ಕವಿತೆ ಯಾವುದು, ವಿನ್ಯಾಸ ಯಾವುದು ಅಂತ ಕೂಸಿಗೂ ಗೊತ್ತಾಗುತ್ತದೆ. ಹಾಗಾಗಿ ಕವಿತೆ ಅವರದೇ, ವಿನ್ಯಾಸ ನಿಮ್ಮದೇ. ನೀವು ಅವರಿಂದ ಬಳಸಲು ಒಪ್ಪಿಗೆ ಪಡೆಯುತ್ತೀರಿ, ಅಷ್ಟೆ. ಯಾವ ಕವಿತೆ, ಎಷ್ಟು ಬಟ್ಟೆ, ಎಷ್ಟು ವರ್ಷ, ಎಲ್ಲೆಲ್ಲಿ, ಎಷ್ಟು ರಾಯಲ್ಟಿ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಹಕ್ಕನ್ನೇ ಬರೆದುಕೊಡುವುದಾದರೆ 19ನೇ ಕಲಂ ನೋಡಿಕೊಳ್ಳಿ. ಅವಧಿ ಬರೆಯದಿದ್ದರೆ ಐದು ವರ್ಷ ಅಂತಲೂ, ಜಾಗ ಬರೆಯದಿದ್ದರೆ ಭಾರತದೊಳಗೆ ಮಾತ್ರ ಅಂತಲೂ ಕಾಯ್ದೆಯೇ ತೀರ್ಮಾನಿಸುತ್ತದೆ. 57ನೇ ಕಲಂ ಕವಿಯ ಹೆಸರಿನ ಹಕ್ಕನ್ನೂ, ಕೃತಿಯನ್ನು ಗೌರವಕ್ಕೆ ಕುಂದು ಬರುವಂತೆ ತಿರುಚದಂತೆ ತಡೆಯುವ ಹಕ್ಕನ್ನೂ ಕಾಯುತ್ತದೆ. ‘ಕತ್ತರಿ ಹಾಕಿದಿರಿ’ ಅನ್ನುವ ಅವರ ಮಾತನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಕವಿತೆಗಳು ಈಗಾಗಲೇ ಸಂಕಲನದಲ್ಲಿ ಬಂದಿದ್ದರೆ ಪ್ರಕಾಶಕರ ಜೊತೆಗಿನ ಕರಾರನ್ನೂ ಒಮ್ಮೆ ತೆಗೆದು ನೋಡಲಿ.

ಹಳೆಯ ಕವಿಗಳ ಸಾಲು ಬಳಸೋಣ ಅಂತ ಮುಂದೆ ಆಸೆ ಹುಟ್ಟಬಹುದು, ಅದಕ್ಕೆ ಈಗಲೇ ಹೇಳಿಬಿಡುತ್ತೇನೆ. ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ದೇಸಾಯರು ಹೋದದ್ದು 1982ರಲ್ಲಿ, ಅಂದರೆ 2042 ಮುಗಿಯುವ ತನಕ ಕೇಳದೆ ಅಚ್ಚು ಹಾಕುವಂತಿಲ್ಲ. ರವೀಂದ್ರನಾಥ ಟಾಗೋರರು 1883ರಲ್ಲಿ ನಿಮ್ಮ ಗೆಳೆಯರ ಊರಿನಲ್ಲೇ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ಉಳಿದು ಬರೆದವರು. ಅವರ ಹಕ್ಕು 2001ಕ್ಕೆ ಮುಗಿದಿದೆ. 50 ವರ್ಷ ಇದ್ದದ್ದನ್ನು 60ಕ್ಕೆ ಏರಿಸಿದ್ದೇ ಅವರ ಅವಧಿ ಮುಗಿಯುವ ಹೊತ್ತಿಗೆ. ಬಂಗಾಳಿ ಮೂಲವನ್ನು ಈಗ ಯಾರೂ ಬಳಸಬಹುದು, ಕನ್ನಡ ಅನುವಾದಕ್ಕೆ ಮಾತ್ರ ಅನುವಾದಕರ ಹಕ್ಕು ಬೇರೆ.

ನಿಮ್ಮ ವಿನ್ಯಾಸದ ಬಗ್ಗೆ ಒಂದು. 12 ಬಟ್ಟೆ ಪ್ರದರ್ಶನಕ್ಕೆ ಮಾತ್ರ ಅಂದರೆ ತಲೆಬಿಸಿ ಇಲ್ಲ. ಅದೇ ವಿನ್ಯಾಸವನ್ನು ಮುಂದೆ ನೂರಾರು ಶಾಲಿಗೆ ಹಾಕುವ ಯೋಚನೆ ಇದ್ದರೆ 2000ದ ವಿನ್ಯಾಸ ಕಾಯ್ದೆಯಲ್ಲಿ ನೋಂದಣಿ ಮಾಡಿಸಿ. ನೋಂದಣಿ ಇಲ್ಲದ ವಿನ್ಯಾಸವನ್ನು ಕೈಗಾರಿಕೆಯ ರೀತಿಯಲ್ಲಿ 50ಕ್ಕಿಂತ ಜಾಸ್ತಿ ಸಲ ಮಾಡಿದರೆ ಕೃತಿಸ್ವಾಮ್ಯ ಹೋಗುತ್ತದೆ. ನೋಂದಣಿಯಾದರೆ ಹತ್ತು ವರ್ಷ, ಆಮೇಲೆ ಇನ್ನೈದು. ಅರ್ಜಿ ಹಾಕುವುದು ಪ್ರದರ್ಶನಕ್ಕಿಂತ ಮೊದಲು. ಜನರೆಲ್ಲ ನೋಡಿದ ಮೇಲೆ ಅದು ಹೊಸದು ಅಂತ ಹೇಳಲು ಬರುವುದಿಲ್ಲ.

ದುಡ್ಡು ಹಂಚುವಾಗ ‘ಲಾಭದಲ್ಲಿ ಅರ್ಧರ್ಧ’ ಅಂತ ಬರೆಯಲೇಬೇಡಿ. ಲಾಭ ಎಷ್ಟು ಅನ್ನುವುದೇ ಮುಂದಿನ ಜಗಳ. ಒಂದು ಸೀರೆ 6,000 ರೂಪಾಯಿಗೆ ಹೋಯಿತು ಅನ್ನಿ. ಅಂಗಡಿಯವರು 30 ಪರ್ಸೆಂಟ್ ಹಿಡಿದರೆ ನಿಮ್ಮ ಕೈಗೆ 4,200. ನೂಲು, ನೇಯ್ಗೆ, ಬಣ್ಣ, ಸೌದೆ, ನಿಮ್ಮ ಓಡಾಟ ಕಳೆದರೆ ಉಳಿಯುವುದು ಕೆಲವು ನೂರು. ಅದನ್ನು ಕವಿಗೆ ತೋರಿಸಿದರೆ ಅವರು ನಂಬುವುದಿಲ್ಲ, ತಪ್ಪೂ ಅಲ್ಲ. ನಾನು ಮಾಡುವುದು ಇಷ್ಟು: ಕೈಗೆ ಬಂದ ದುಡ್ಡಿನಲ್ಲಿ 10 ಪರ್ಸೆಂಟ್ ಕವಿಗೆ, ಖರ್ಚು ಏನೇ ಇರಲಿ. ಇಲ್ಲಿ 420 ರೂಪಾಯಿ. ನೇಯ್ದವರಿಗೆ ಕೂಲಿ ಮೊದಲೇ, ಮಾರಾಟ ಆಗಲಿ ಬಿಡಲಿ.

ಕೊನೆಯದಾಗಿ, 12 ಜಾಸ್ತಿಯಾಯಿತು. ಜನವರಿಗೆ 12 ಮುಗಿಸಲು ಹೋದರೆ ಎಂಟಕ್ಕೆ ದೋಣಿ, ಬಂಗಡೆಯ ಅಚ್ಚೇ ಗತಿಯಾಗುತ್ತದೆ. ಐದು ಮಾಡಿ. ಯಾವ ಐದು ಅನ್ನುವುದನ್ನು ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದುಕೊಂಡು ಬನ್ನಿ, ಎರಡರಲ್ಲೂ ಇರುವುದರಿಂದ ಶುರು ಮಾಡಿ. ಒಂದೂ ಹೊಂದದಿದ್ದರೆ ನನಗೆ ಮತ್ತೆ ಪತ್ರ ಬರೆಯಿರಿ. ಬರೆಯುವಾಗ ಚೊಗರು ಹಾಕಿದ ಬಟ್ಟೆಯ ಗೇಣುದ್ದದ ಎರಡು ತುಂಡು ಕವರಿನಲ್ಲಿ ಇಡಿ, ಒಂದು ತೊಳೆದದ್ದು, ಒಂದು ತೊಳೆಯದ್ದು. ಫೋಟೋದಲ್ಲಿ ನಿಮ್ಮ ಕೆಂಪು ನನಗೆ ಸರಿಯಾಗಿ ಗೊತ್ತಾಗುತ್ತಿಲ್ಲ.